ಹದಿನಾರಕ್ಕೆ ಬಿಟ್ಟು ಹದಿನೆಂಟಕ್ಕೆ ಹಿಡಿದು

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳನ್ನು ಓದಿಗಾಗಿ ಹೊರಗೆ ಕಳಿಸುವ ಕ್ರಮವೇ ತಲೆಕೆಳಗಾಗಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದ, ಇನ್ನೂ ಮೀಸೆ ಮೂಡದ ಹುಡುಗನನ್ನು, ತಿಂಗಳ ಹೊಟ್ಟೆನೋವನ್ನು ಅಮ್ಮನ ಹತ್ತಿರ ಮಾತ್ರ ಹೇಳಿಕೊಳ್ಳಬಲ್ಲ ಹುಡುಗಿಯನ್ನು ಕರಾವಳಿಯ ಯಾವುದಾದರೂ ವಸತಿ ಪಿಯು ಕಾಲೇಜಿಗೆ ಒಯ್ದು ಪೂರ್ತಿಯಾಗಿ ಒಪ್ಪಿಸಿ ಬರುತ್ತೇವೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಗೊತ್ತುಮಾಡಿದ ದಿನ ಸಾಲಿನಲ್ಲಿ ನಿಂತು ಕೆಲವೇ ನಿಮಿಷ ಮಾತಾಡಬಹುದು, ಗೊತ್ತುಮಾಡಿದ ಭಾನುವಾರ ಭೇಟಿಯಾಗಬಹುದು. ಅದಕ್ಕೆಲ್ಲ ನಾವು ಒಪ್ಪುತ್ತೇವೆ. ಎರಡು ವರ್ಷ ಕಳೆದು ಅದೇ ಮಗು 18 ದಾಟಿ, ಸಿಇಟಿಯಲ್ಲಿ ಸೀಟು ಪಡೆದು ಬೆಂಗಳೂರಿನ ಪಿ.ಜಿ.ಯೊಂದಕ್ಕೆ ಪೆಟ್ಟಿಗೆ ಸಾಗಿಸಿದಾಗ ಮಾತ್ರ ನಮ್ಮ ನಿದ್ದೆ ಹಾರಿಹೋಗುತ್ತದೆ. ಬೆಳಿಗ್ಗೆ ಒಂದು ಫೋನು, ಮಧ್ಯಾಹ್ನ ಒಂದು, ರಾತ್ರಿ ವಿಡಿಯೊ ಕಾಲ್. ವಾಟ್ಸಾಪಿನಲ್ಲಿ ಕಡೆಯ ಸಲ ಕಾಣಿಸಿಕೊಂಡದ್ದು ಎಷ್ಟು ಹೊತ್ತಿಗೆ ಎಂಬ ತಪಾಸಣೆ. ಕೆಲವು ಮನೆಗಳಲ್ಲಿ ಮಗಳು ಈ ಕ್ಷಣ ಯಾವ ರಸ್ತೆಯಲ್ಲಿದ್ದಾಳೆಂದು ನಕ್ಷೆಯಲ್ಲಿ ತೋರಿಸುವ ಆ್ಯಪ್ ಕೂಡ.

ಹತ್ತಿರ ಇರಬೇಕಾದ ವಯಸ್ಸಿನಲ್ಲಿ ದೂರ ಮಾಡಿ, ದೂರ ನಿಲ್ಲಬೇಕಾದ ವಯಸ್ಸಿನಲ್ಲಿ ಮೇಲೆ ಬೀಳುತ್ತಿದ್ದೇವೆ. ಹೀಗೇಕೆ?

ಮೊದಲನೆಯದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ದ್ವಿತೀಯ ಪಿಯುಸಿಯ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ವರ್ಷವರ್ಷವೂ ಮುಂಚೂಣಿಯಲ್ಲಿರುತ್ತವೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಮತ್ತು ಸಿಇಟಿ ಅಂಕ ಸಮಪಾಲಾಗಿ ಸೇರುತ್ತವೆ, ವೈದ್ಯಕೀಯಕ್ಕೆ ನೀಟ್ ಇದೆ. ಎರಡು ವರ್ಷದ ಆ ಓಟಕ್ಕೆ ತಕ್ಕ ಊರು ಕಲಬುರಗಿಯ ತಂದೆಗೂ ಹಾಸನದ ತಾಯಿಗೂ ಒಂದೇ. ‘ಎರಡು ವರ್ಷ ಕಷ್ಟಪಟ್ಟರೆ ಜೀವನಪೂರ್ತಿ ಸುಖ’ ಎಂಬ ಮಾತು ಅಪ್ಪ-ಅಮ್ಮಂದಿರ ಬಾಯಲ್ಲಿ ನಿಂತುಹೋಗಿದೆ. ಅಗಲಿಕೆಯ ನೋವು ಅವರಿಗೂ ಆಗುತ್ತದೆ. ಆದರೆ ಆ ನೋವಿಗೆ ಆಗ ಒಂದು ಗುರಿಯಿದೆ, ಒಂದು ದಿನಾಂಕವಿದೆ, ಪರೀಕ್ಷೆ ಮುಗಿದರೆ ಅದೂ ಮುಗಿಯುತ್ತದೆಂಬ ನಂಬಿಕೆಯಿದೆ. ಜೊತೆಗೆ ಅಲ್ಲಿ ಮಗು ಪ್ರತಿ ಗಂಟೆಗೆ ಏನು ಮಾಡುತ್ತಿದೆಯೆಂಬುದು ಮೊದಲೇ ಗೊತ್ತು: ನಸುಕಿಗೇ ಎಬ್ಬಿಸುತ್ತಾರೆ, ಸ್ಟಡಿ ಅವರ್ ಇದೆ, ಭಾನುವಾರ ಟೆಸ್ಟ್ ಇದೆ. ವೇಳಾಪಟ್ಟಿಯನ್ನು ಬಲ್ಲೆವಾದ್ದರಿಂದ ಮಗುವನ್ನೂ ಬಲ್ಲೆವು ಎಂದುಕೊಳ್ಳುತ್ತೇವೆ. ಅದರ ಮನಸ್ಸು ಏನಾಗಿದೆಯೆಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ.

18ರಲ್ಲಿ ಕಳೆದುಹೋಗುವುದು ಇದೇ, ಈ ಬಲ್ಲೆವೆಂಬ ಭರವಸೆ. ಕಾಲೇಜಿಗೆ ಮಗುವನ್ನು ಕಳಿಸಿದ ತಂದೆತಾಯಿಯ ಸಂಕಟವನ್ನು ಖಾಲಿ ಕೋಣೆ, ಮಡಿಸಿಟ್ಟ ಹಾಸಿಗೆಯ ಮಾತಿನಲ್ಲಿ ಹೇಳುವುದು ರೂಢಿ. ಅದು ಸುಳ್ಳಲ್ಲ, ಆದರೆ ಮೂಲ ಅಲ್ಲಿಲ್ಲ. ಮಗು ಮನೆಯಲ್ಲಿದ್ದಾಗ ತಾಯಿಗೆ ಎಷ್ಟೋ ಸಂಗತಿಗಳು ಕೇಳದೆಯೇ ಗೊತ್ತಾಗುತ್ತಿದ್ದವು. ತಟ್ಟೆಯಲ್ಲಿ ಎಷ್ಟು ಅನ್ನ ಉಳಿಯಿತು, ಬಾಗಿಲು ಹಾಕಿದ ಸದ್ದು ಹೇಗಿತ್ತು, ಚಪ್ಪಲಿ ಎಲ್ಲಿ ಬಿತ್ತು ಎಂಬುದರಲ್ಲೇ ಇವತ್ತಿನ ಪೇಪರು ಹೇಗಾಯಿತು, ಗೆಳೆಯನ ಜೊತೆ ಜಗಳವಾಯಿತೇ ಎಂಬುದು ತಿಳಿಯುತ್ತಿತ್ತು. ಈಗ ಅದೆಲ್ಲವನ್ನೂ ಕೇಳಿಯೇ ತಿಳಿಯಬೇಕು. ಕೇಳತೊಡಗಿದ ಕೂಡಲೇ ಅದು ವಿಚಾರಣೆಯಾಗುತ್ತದೆ. ಊಟ ಆಯ್ತಾ, ಏನು ತಿಂದೆ, ಕ್ಲಾಸಿಗೆ ಹೋಗಿದ್ದೆಯಾ, ಓದ್ತಿದ್ದೀಯಾ, ಯಾರ ಜೊತೆ ಇದ್ದೀಯಾ. ಆ ಕಡೆಯಿಂದ ಹ್ಞೂಂ, ಹ್ಞಾಂ, ಆಯ್ತಮ್ಮ, ಆಮೇಲೆ ಮಾಡ್ತೀನಿ. ಪ್ರೀತಿ ಎರಡೂ ಕಡೆ ಇದೆ. ಅದು ಹಾಯಲು ಮಾಡಿಕೊಂಡಿರುವ ದಾರಿ ಮಾತ್ರ ಬಹಳ ಕಿರಿದು.

ನಮ್ಮ ಪರಂಪರೆಗೆ ಮಕ್ಕಳನ್ನು ಕಳಿಸುವುದು ಗೊತ್ತಿರಲಿಲ್ಲವೆಂದಲ್ಲ. ಉಪನಯನದಲ್ಲಿ ಮಾತೃಭೋಜನ ಎಂಬುದೊಂದಿದೆ: ವಟು ತಾಯಿಯ ಜೊತೆ ಕೂತು, ಮಗುವಾಗಿ ಕಡೆಯ ಸಲ ಉಣ್ಣುತ್ತಾನೆ. ಅಲ್ಲಿಂದ ಎದ್ದವನು ಗುರುವಿನ ಮನೆಗೆ ಹೊರಟವನು. ಇವತ್ತು ಆ ಹುಡುಗ ಎಲ್ಲಿಗೂ ಹೋಗುವುದಿಲ್ಲ, ಮರುದಿನ ಶಾಲೆಯ ಬಸ್ಸು ಹತ್ತುತ್ತಾನೆ. ಆದರೂ ತಾಯಂದಿರು ಆ ತುತ್ತಿನ ಹೊತ್ತಿಗೆ ಅಳುವುದನ್ನು ನಾನು ಕಂಡಿದ್ದೇನೆ. ಮದುವೆಯಲ್ಲಿ ಹೆಣ್ಣನ್ನು ಒಪ್ಪಿಸುವ ಶಾಸ್ತ್ರವಿದೆ, ಅದಕ್ಕೆಂದೇ ಹಾಡುಗಳಿವೆ, ಮಡಿಲು ತುಂಬುವುದಿದೆ. ಊರಿಗೆ ಊರೇ ನಿಂತು ಅಳಲು ಅಲ್ಲಿ ಅವಕಾಶವಿದೆ. ಓದಲು ಹೊರಟ ಮಗಳಿಗೆ, ಕೆಲಸ ಕಲಿಯಲು ಹೊರಟ ಮಗನಿಗೆ ಇಂಥದ್ದು ಏನೂ ಇಲ್ಲ. ಬಕೆಟ್ಟು, ದಿಂಬು, ಚಟ್ನಿಪುಡಿಯ ಡಬ್ಬ, ಶುಲ್ಕದ ರಸೀದಿ, ‘ತಲುಪಿದ ತಕ್ಷಣ ಫೋನ್ ಮಾಡು’ ಎಂಬ ಒಂದು ಮಾತು. ಅಷ್ಟು ದೊಡ್ಡ ತಿರುವು ಅಷ್ಟು ಸಣ್ಣದಾಗಿ ನಡೆದುಹೋಗುತ್ತದೆ. ಹಾಗಾಗಿ ತಂದೆತಾಯಿಗೆ ಏನು ಮುಗಿಯಿತು, ಏನು ಶುರುವಾಯಿತು ಎಂಬುದೇ ಸ್ಪಷ್ಟವಾಗುವುದಿಲ್ಲ. ಮುಗಿದದ್ದನ್ನು ಮುಗಿದಿದೆ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಹಳೆಯ ಕೆಲಸವನ್ನೇ ಫೋನಿನಲ್ಲಿ ಮುಂದುವರಿಸುತ್ತಾರೆ.

ಫೋನಿಲ್ಲದ ಕಾಲದಲ್ಲಿ ಇನ್‌ಲ್ಯಾಂಡ್ ಪತ್ರವಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಜ್ವರ ಬಂದದ್ದನ್ನು ಮಗ ಬರೆದು, ಅದು ಊರು ತಲುಪುವ ಹೊತ್ತಿಗೆ ಜ್ವರ ಇಳಿದಿರುತ್ತಿತ್ತು. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ನಿಜವಾದ ಆಪತ್ತಿನ ಸುದ್ದಿಯೂ ಅಷ್ಟೇ ತಡವಾಗಿ ಬರುತ್ತಿತ್ತು, ಅದರ ಬೆಲೆ ತೆತ್ತ ಮನೆಗಳಿವೆ. ಆದರೆ ಆ ಪತ್ರಗಳ ಒಂದು ಗುಣ ನಾವು ಮರೆಯಬಾರದ್ದು. ಅವುಗಳಲ್ಲಿ ಅಪ್ಪ ಕೇಳುತ್ತಿದ್ದುದು ಕಡಿಮೆ, ಹೇಳುತ್ತಿದ್ದುದು ಹೆಚ್ಚು. ನಾವೆಲ್ಲ ಕ್ಷೇಮ ಎಂದು ಶುರುಮಾಡಿ, ಗಬ್ಬದ ಎಮ್ಮೆ ಈದದ್ದು, ಮಳೆ ತಡವಾದದ್ದು, ಚಿಕ್ಕಪ್ಪನ ಜೊತೆಗಿನ ಗಡಿ ತಕರಾರು ಎಲ್ಲವೂ ಬರುತ್ತಿದ್ದವು. ಅದನ್ನು ಓದುತ್ತಿದ್ದ ಹುಡುಗ ತಾನೂ ಮನೆಯ ವ್ಯವಹಾರದಲ್ಲಿ ಒಬ್ಬ ಎಂದು ತಿಳಿಯುತ್ತಿದ್ದ. ಇವತ್ತಿನ ಕರೆಯಲ್ಲಿ ಮನೆಯ ಸುದ್ದಿಯೇ ಇರುವುದಿಲ್ಲ, ಇರುವುದು ಮಗುವಿನ ವರದಿ ಮಾತ್ರ.

ಬರೀ ಮರೆವಿನಿಂದ ಹೀಗಾಗುತ್ತಿಲ್ಲ, ಎಷ್ಟೋ ಸಲ ಬೇಕೆಂದೇ ಮುಚ್ಚಿಡುತ್ತೇವೆ. ‘ಅವನಿಗೆ ಎಕ್ಸಾಮ್ ಇದೆ, ಹೇಳಬೇಡಿ’ ಎಂಬ ಮಾತನ್ನು ಕೇಳದ ಮನೆ ನಮ್ಮಲ್ಲಿ ಅಪರೂಪ. ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದು, ಅಂಗಡಿ ನಷ್ಟಕ್ಕೆ ಬಿದ್ದದ್ದು, ಕಡೆಗೆ ಅಜ್ಜಿ ತೀರಿಕೊಂಡದ್ದು ಕೂಡ ಪರೀಕ್ಷೆ ಮುಗಿಯುವವರೆಗೆ ಮಗುವಿಗೆ ತಿಳಿಯುವುದಿಲ್ಲ. ತೀರಿಕೊಂಡ ಅಜ್ಜಿಯ ಮುಖ ನೋಡಲಾಗದೆ, ಹದಿಮೂರನೆಯ ದಿನ ಕಳೆದ ಮೇಲೆ ಸುದ್ದಿ ತಿಳಿದು ಕುಸಿದವರನ್ನು ಬಲ್ಲೆ. ಹಾಗೆ ಮುಚ್ಚಿಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಮಗು ಅದರಿಂದ ಕಲಿಯುವ ಪಾಠ ಬೇರೆ. ಈ ಮನೆಯಲ್ಲಿ ಕೆಟ್ಟ ಸುದ್ದಿಯನ್ನು ಹೇಳುವುದಿಲ್ಲ, ಪರೀಕ್ಷೆಗಿಂತ ದೊಡ್ಡದು ಯಾವುದೂ ಇಲ್ಲ ಎಂಬ ಪಾಠ. ಅದನ್ನು ಚೆನ್ನಾಗಿ ಕಲಿತ ಮಗುವೇ ಮುಂದೆ ತನ್ನ ಬ್ಯಾಕ್‌ಲಾಗನ್ನೂ, ತಿಂಗಳಿಂದ ಕ್ಲಾಸಿಗೆ ಹೋಗದಿರುವುದನ್ನೂ, ರಾತ್ರಿ ನಿದ್ದೆ ಬಾರದಿರುವುದನ್ನೂ ನಮ್ಮಿಂದ ಮುಚ್ಚಿಡುತ್ತದೆ. ಅದೂ ಒಳ್ಳೆಯ ಉದ್ದೇಶದಿಂದಲೇ. ಅಮ್ಮನಿಗೆ ಬಿ.ಪಿ. ಇದೆ, ಹೇಳುವುದು ಬೇಡ ಎಂದು.

ಕಾಲ ಕೆಟ್ಟಿದೆ, ಕಣ್ಣಿಡದಿದ್ದರೆ ಹೇಗೆ ಎಂದು ತಂದೆತಾಯಿ ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳುವ ಹಕ್ಕು ಯಾರಿಗೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವ ತೆಗೆದುಕೊಂಡರು. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ನಿಯಮ ತಂದು, ವಿದ್ಯಾರ್ಥಿಯ ಜೊತೆಗೆ ತಂದೆತಾಯಿಯೂ ಮುಚ್ಚಳಿಕೆ ಬರೆದುಕೊಡಬೇಕೆಂದು ವಿಧಿಸಿದರೂ ಆ ಪಿಡುಗು ಪೂರ್ತಿ ಹೋಗಿಲ್ಲ. ಮಾದಕ ವಸ್ತು, ಆನ್‌ಲೈನ್ ಜೂಜು, ಸಾಲದ ಆ್ಯಪ್‌ಗಳು ಎಲ್ಲವೂ ಇವೆ. ಭಯ ನಿಜವಾದದ್ದೇ.

ಆದರೆ ಕಾವಲು ಈ ಭಯಕ್ಕೆ ಮದ್ದಾಗುತ್ತದೆಯೇ? ನಕ್ಷೆಯ ಮೇಲಿನ ನೀಲಿ ಚುಕ್ಕೆ ಮಗ ಹಾಸ್ಟೆಲಿನಲ್ಲೇ ಇದ್ದಾನೆ ಎನ್ನುತ್ತದೆ. ಮೂರು ದಿನದಿಂದ ಅವನು ಹಾಸಿಗೆ ಬಿಟ್ಟು ಎದ್ದಿಲ್ಲ ಎಂಬುದನ್ನು ಅದು ಹೇಳಲಾರದು. ಹಾಜರಾತಿಯ ಎಸ್ಸೆಮ್ಮೆಸ್ಸು ಗೈರುಹಾಜರಿಯನ್ನು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಕಣ್ಣಿಟ್ಟವರಿಂದ ತಪ್ಪಿಸಿಕೊಳ್ಳುವುದನ್ನು ಈ ವಯಸ್ಸಿನವರು ಬೇಗ ಕಲಿಯುತ್ತಾರೆ: ಫೋನನ್ನು ರೂಮಿನಲ್ಲೇ ಇಟ್ಟು ಹೊರಗೆ ಹೋಗಬಹುದು, ನಗುಮುಖ ಹೊತ್ತು ವಿಡಿಯೊ ಕಾಲಿನಲ್ಲಿ ಎರಡು ನಿಮಿಷ ಕೂರಬಹುದು. ಸಂಕಟದಲ್ಲಿರುವ ಮಗುವನ್ನು ಉಳಿಸಬಹುದಾದದ್ದು ಒಂದು ವಾಕ್ಯ: ‘ಅಮ್ಮಾ, ನನಗೆ ಆಗ್ತಾ ಇಲ್ಲ.’ ಆ ವಾಕ್ಯ ಬಾಯಿಂದ ಬರಬೇಕಾದರೆ, ಕೇಳಿಸಿಕೊಂಡವರು ಬೆಚ್ಚಿಬೀಳುವುದಿಲ್ಲ, ಬೈಯುವುದಿಲ್ಲ, ಮರುದಿನವೇ ಬಂದು ಟಿ.ಸಿ. ತೆಗೆಸುವುದಿಲ್ಲ ಎಂಬ ಧೈರ್ಯ ಇರಬೇಕು. ದಿನಕ್ಕೆ ಮೂರು ವಿಚಾರಣೆ ನಡೆಸುವವರ ಬಗ್ಗೆ ಅಂಥ ಧೈರ್ಯ ಹುಟ್ಟುವುದು ಕಷ್ಟ.

ಎಲ್ಲವನ್ನೂ ತಂದೆತಾಯಿಗೇ ಹೇಳಬೇಕೆಂದೂ ಇಲ್ಲ. 18 ತುಂಬಿದವರ ಮಾನಸಿಕ ಚಿಕಿತ್ಸೆಯ ವಿವರವನ್ನು ಗೌಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅದು ತಂದೆತಾಯಿಯನ್ನು ಹೊರಗಿಡುವ ಹುನ್ನಾರವೆಂದು ಕೋಪಗೊಳ್ಳುವವರಿದ್ದಾರೆ. ಮಗು ನಿರ್ಭಯವಾಗಿ ಒಬ್ಬ ವೈದ್ಯರ ಬಳಿ ಹೋಗಲಿ ಎಂಬುದೇ ಅದರ ಕಾಳಜಿ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಸಿಗುತ್ತದೆ. ಹೊರಡುವ ಮಗುವಿನ ಫೋನಿನಲ್ಲಿ ಆ ಸಂಖ್ಯೆ ಇರಲಿ. ಅಮ್ಮನ ಫೋನಿನಲ್ಲಿಯೂ ಇರಲಿ, ಏಕೆಂದರೆ ಆ ದಿನಗಳಲ್ಲಿ ಕುಸಿಯುವವರು ಮಕ್ಕಳು ಮಾತ್ರ ಅಲ್ಲ.

ಧಾರವಾಡದ ಬಸ್‌ನಿಲ್ದಾಣದಲ್ಲಿ ಕಾಣುವ ಒಂದು ರೂಢಿ ನನಗೆ ಈ ವಿಷಯದಲ್ಲಿ ಬಹಳ ಅರ್ಥಪೂರ್ಣವೆನಿಸಿದೆ. ಸುತ್ತಲ ಹಳ್ಳಿಗಳಿಂದ ಬಂದು ಅಲ್ಲಿ ಓದುವ, ನೌಕರಿಯ ಪರೀಕ್ಷೆಗಳಿಗೆ ತಯಾರಾಗುವ ಮಕ್ಕಳಿಗೆ ತಾಯಂದಿರು ಊರಿನ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರೆ. ಬೆಳಿಗ್ಗೆ ಬಡಿದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಬರುತ್ತವೆ. ಮಗ ಬಂದು ಎತ್ತಿಕೊಳ್ಳುತ್ತಾನೆ, ಖಾಲಿ ಬುತ್ತಿ ವಾಪಸು ಹೋಗುತ್ತದೆ. ಆ ತಾಯಂದಿರಲ್ಲಿ ಅನೇಕರಿಗೆ ಮಗ ಏನು ಓದುತ್ತಿದ್ದಾನೆ ಎಂಬುದರ ವಿವರ ಗೊತ್ತಿಲ್ಲ. ಸಿಲೆಬಸ್ಸಿನ ಬಗ್ಗೆ ಕೇಳಲು ಅವರ ಬಳಿ ಪ್ರಶ್ನೆಯೇ ಇಲ್ಲ. ಆದರೆ ಪ್ರತಿದಿನ ಒಂದು ಬಂಧ ತಲುಪುತ್ತದೆ, ಮರಳುತ್ತದೆ. ಅಕ್ಷರ ಬಲ್ಲ ನಾವು ಪ್ರಶ್ನೆಗಳನ್ನು ಕಳಿಸುತ್ತೇವೆ, ಅವರು ರೊಟ್ಟಿ ಕಳಿಸುತ್ತಾರೆ. ಅವರ ಕಷ್ಟವನ್ನು ಚೆಂದಮಾಡಿ ತೋರಿಸುವುದು ನನಗೆ ಬೇಡ. ಹೊಲದ ಕೆಲಸಕ್ಕೆ ಒಂದು ಜೊತೆ ಕೈ ಕಡಿಮೆಯಾಗಿದೆ, ಸಾಲವೂ ಆಗಿರುತ್ತದೆ. ಆದರೂ ತನಗೆ ತಿಳಿಯದ ಲೋಕಕ್ಕೆ ಮಗುವನ್ನು ಬಿಟ್ಟುಕೊಡುವ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಈ ನಾಡಿನಲ್ಲಿ ಹಾಗೆ ಬಿಟ್ಟುಕೊಟ್ಟವರ ಇತಿಹಾಸ ದೊಡ್ಡದು. ವಾರಾನ್ನದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದರು. ಜಾತಿಯ ಗೆರೆ ಅಲ್ಲಿ ಗಟ್ಟಿಯಾಗಿತ್ತು, ಎಲ್ಲರಿಗೂ ಆ ಬಾಗಿಲು ತೆರೆದಿರಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರ (1907-2019) ಕಾಲದಲ್ಲಿ ಸಾವಿರಾರು ಮಕ್ಕಳು ಊಟ-ವಸತಿ ಪಡೆದು ಓದಿದರು. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಚೆನ್ನಾಗಿ ಗೊತ್ತು. ದಲಿತ ಕೇರಿಯ ಎಷ್ಟೋ ತಂದೆತಾಯಿಗೆ ಹಾಸ್ಟೆಲೆಂದರೆ ಮಗನಿಗೆ ಎರಡು ಹೊತ್ತಿನ ಊಟ ಮತ್ತು ಓದಲು ದೀಪ ಸಿಗುವ ಜಾಗ. ಇವರೆಲ್ಲ ಮಕ್ಕಳನ್ನು ಬಿಟ್ಟುಬಂದದ್ದು ಒಂದು ಕಟ್ಟಡಕ್ಕಲ್ಲ, ಕೆಲವು ಮನುಷ್ಯರ ಕೈಗೆ. ಅಡುಗೆಯವರು, ವಾರ್ಡನ್ನು, ಸ್ವಾಮಿಗಳು, ಊರಿನವನೇ ಆದ ಸೀನಿಯರ್, ಹೀಗೆ ಹೆಸರಿಟ್ಟು ಕರೆಯಬಹುದಾದವರು ಅಲ್ಲಿದ್ದರು. ಈಗ ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೂ ಅಂಥ ಒಬ್ಬರ ಹೆಸರು ನಮಗೆ ಗೊತ್ತಿರುವುದಿಲ್ಲ. ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಎಷ್ಟು, ಕಡೆಯ ವರ್ಷದ ಪ್ಯಾಕೇಜ್ ಎಷ್ಟು ಎಂದು ಕೇಳುತ್ತೇವೆ. ಎಷ್ಟು ಮಕ್ಕಳಿಗೆ ಒಬ್ಬ ಆಪ್ತಸಲಹೆಗಾರರಿದ್ದಾರೆ, ರಾತ್ರಿ ಎರಡು ಗಂಟೆಗೆ ಮಗುವಿಗೆ ಹೊಟ್ಟೆನೋವು ಬಂದರೆ ಯಾರು ಏಳುತ್ತಾರೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ನಂಬಲು ಒಬ್ಬ ಮನುಷ್ಯನೂ ಇಲ್ಲದಾಗ ಆ್ಯಪನ್ನು ನಂಬುವುದು ಸಹಜವೇ. ಹಾಗಾಗಿ ಈ ಕಾವಲಿನ ಹೊಣೆಯನ್ನು ತಂದೆತಾಯಿಯ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಮಕ್ಕಳನ್ನು ಸೇರಿಸಿಕೊಂಡ ಸಂಸ್ಥೆಗಳು ತಮ್ಮ ಪಾಲಿನ ಹಿರಿತನವನ್ನು ಬಿಟ್ಟುಕೊಟ್ಟಿವೆ.

ಮಗಳ ವಿಷಯ ಬಂದಾಗ ಈ ಕಾವಲು ಇನ್ನಷ್ಟು ಬಿಗಿ. ಒಂದೇ ಕಾಲೇಜಿನಲ್ಲಿ ಹುಡುಗರ ಹಾಸ್ಟೆಲಿನ ಬಾಗಿಲು ತಡವಾಗಿ ಮುಚ್ಚುತ್ತದೆ, ಹುಡುಗಿಯರದು ಸಂಜೆಯೇ. ಗ್ರಂಥಾಲಯ ರಾತ್ರಿಯವರೆಗೆ ತೆರೆದಿದ್ದರೂ ಅದು ಅವಳ ಪಾಲಿಗೆ ಮುಚ್ಚಿದೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 1989ರಲ್ಲಿ. ಶಾಸಕರನ್ನು ಆರಿಸಲು ಅರ್ಹಳಾದವಳು ರಾತ್ರಿ ಎಂಟಕ್ಕೆ ಪುಸ್ತಕ ಹಿಂದಿರುಗಿಸಲು ಅಪ್ಪನ ಸಹಿ ತರಬೇಕಾಗುತ್ತದೆ. ಬೀದಿ ಸುರಕ್ಷಿತವಲ್ಲ ಎಂಬುದು ಸುಳ್ಳಲ್ಲ. ಆದರೆ ಬೀದಿಯನ್ನು ಸರಿಪಡಿಸುವ ಬದಲು ಅವಳನ್ನು ಒಳಗಿಟ್ಟರೆ, ಅವಳು ಯಾವತ್ತೂ ಆ ಬೀದಿಯನ್ನು ತನ್ನದೆಂದು ನಡೆಯಲು ಕಲಿಯುವುದಿಲ್ಲ. ಕಿರುಕುಳವಾದಾಗಲೂ ಮನೆಗೆ ಹೇಳುವುದಿಲ್ಲ. ಹೇಳಿದರೆ ಓದು ನಿಲ್ಲಿಸುತ್ತಾರೆ ಎಂಬ ಭಯ. ಈ ಭಯವನ್ನು ಅವಳಲ್ಲಿ ಹುಟ್ಟಿಸಿದವರು ನಾವೇ ಎಂಬುದನ್ನು ಎದುರಿಸದೆ ಹೆಣ್ಣುಮಕ್ಕಳ ಸುರಕ್ಷತೆಯ ಮಾತಾಡುವುದರಲ್ಲಿ ಹುರುಳಿಲ್ಲ.

ಇನ್ನು ಮನೆಯಲ್ಲಿ ಉಳಿದವರ ವಿಚಾರ. ಮಕ್ಕಳು ಹೋದಮೇಲೆ ತಾಯಿ ಕುಗ್ಗಿಹೋಗುತ್ತಾಳೆಂಬುದು ಎಲ್ಲ ಕಡೆಯ ಸತ್ಯವೇನೂ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ನಾರ್ವಲ್ ಗ್ಲೆನ್ 1975ರಲ್ಲಿ ಅಲ್ಲಿನ ರಾಷ್ಟ್ರಮಟ್ಟದ ಸಮೀಕ್ಷೆಗಳನ್ನು ಪರಿಶೀಲಿಸಿ, ಮಕ್ಕಳು ಹೊರಹೋದ ತಾಯಂದಿರು ಮಕ್ಕಳು ಮನೆಯಲ್ಲೇ ಇದ್ದವರಿಗಿಂತ ಹೆಚ್ಚು ಸುಖವಾಗಿದ್ದರೆಂದು ತೋರಿಸಿದ. ಆ ಮಾತನ್ನು ಇಲ್ಲಿಗೆ ಹಾಗೇ ತಂದು ಹಚ್ಚಲಾಗದು. ನಮ್ಮ ಕಡೆ ಮಗಳು ಒಂಬತ್ತನೇ ಕ್ಲಾಸಿಗೆ ಬಂದಳೆಂದು ಕೆಲಸ ಬಿಟ್ಟ ತಾಯಿ, ಟ್ಯೂಷನ್ನಿನ ಹೊರಗೆ ಸ್ಕೂಟರಿನ ಮೇಲೆ ಕಾದು ಕೂತ ತಾಯಿ, ನಾಲ್ಕು ವರ್ಷ ಟಿವಿ ಹಾಕದ ಮನೆ, ಮದುವೆ-ಮುಂಜಿಗೆ ಹೋಗದ ಅಪ್ಪ ಇದ್ದಾರೆ. ಅವರಿಗೆ ಮಗುವಿನ ಪರೀಕ್ಷೆಯೇ ಉದ್ಯೋಗವಾಗಿತ್ತು. ಸೀಟು ಸಿಕ್ಕ ದಿನ ಆ ಉದ್ಯೋಗ ಹೋಯಿತು, ಅದೂ ಎಲ್ಲರೂ ಅಭಿನಂದಿಸುತ್ತಿರುವಾಗ. ಗಂಡ-ಹೆಂಡತಿ ಎದುರುಬದುರು ಕೂತರೆ ಮಾತಿಗೆ ವಿಷಯವಿಲ್ಲ, ಇಷ್ಟು ವರ್ಷ ಆಡಿದ್ದೆಲ್ಲ ಮಗುವಿನ ಮಾತೇ. ಅಪ್ಪಂದಿರಂತೂ ಅಳುವಂತೆಯೂ ಇಲ್ಲ, ರಿಚಾರ್ಜ್ ಮಾಡಿಸುವ ನೆಪದಲ್ಲಿ, ಎಟಿಎಮ್ ಕಾರ್ಡಿನ ನೆಪದಲ್ಲಿ ಫೋನ್ ಮಾಡುತ್ತಾರೆ.

ಇವರಿಗೆ ಯೋಗ ಮಾಡಿ, ಹವ್ಯಾಸ ಬೆಳೆಸಿಕೊಳ್ಳಿ ಎಂದು ಬುದ್ಧಿ ಹೇಳುವುದು ಸುಲಭ. ನಾನು ಹೇಳುವುದು ಬೇರೆ. ಬಿಟ್ಟ ಕೆಲಸಕ್ಕೆ ಮರಳಲು ನೋಡಿ, ಮರಳಲಾಗದಿದ್ದರೆ ಬೇರೆ ದುಡಿಮೆ ಹುಡುಕಿ. ಮಗುವಿನ ದಿನಚರಿಗೆ ಕೊಟ್ಟ ಗಮನಕ್ಕೆ ಅಷ್ಟೇ ತೂಕದ ಇನ್ನೊಂದು ಹೊಣೆ ಬೇಕು, ಹೊತ್ತು ಕಳೆಯುವ ಚಟುವಟಿಕೆ ಸಾಲದು. ತನ್ನದೆಂಬ ದಿನವುಳ್ಳ ತಾಯಿ ಸಂಜೆ ಮಗಳಿಗೆ ಫೋನ್ ಮಾಡಿದರೆ ಹೇಳಲು ಅವಳಿಗೂ ಏನಾದರೂ ಇರುತ್ತದೆ. ಸೊಸೈಟಿಯ ಲೆಕ್ಕದಲ್ಲಿ ತಪ್ಪಾದದ್ದು, ಬಸ್ಸು ತಪ್ಪಿದ್ದು, ಮೇಲಿನವರಿಂದ ಬೈಸಿಕೊಂಡದ್ದು. ಅಮ್ಮನೂ ಸೋಲುತ್ತಾಳೆ, ಸೋತು ಅಡುಗೆ ಮಾಡಿ ಉಂಡು ಮಲಗುತ್ತಾಳೆ ಎಂದು ತಿಳಿದ ಮಗಳಿಗೆ ತನ್ನ ಸೋಲನ್ನು ಹೇಳುವುದು ಅಷ್ಟು ಭಾರವೆನಿಸುವುದಿಲ್ಲ.

ದೀಪಾವಳಿಗೆ ಮೊದಲ ಸಲ ಊರಿಗೆ ಬರುವ ಮಗು ಬೇರೆಯಾಗಿರುತ್ತದೆ. ತಡವಾಗಿ ಏಳುತ್ತದೆ, ಪೂಜೆಗೆ ಕೂರುವುದಿಲ್ಲ ಎನ್ನಬಹುದು, ಮನೆಯಲ್ಲಿ ಈವರೆಗೆ ತಿನ್ನದಿದ್ದುದನ್ನು ತಿಂದಿರಬಹುದು, ಅಪ್ಪನ ರಾಜಕೀಯವನ್ನು ಎದುರು ಕೂತು ಪ್ರಶ್ನಿಸಬಹುದು. ‘ಬೆಂಗಳೂರಿಗೆ ಹೋಗಿ ಕೆಟ್ಟ’ ಎಂಬ ತೀರ್ಪು ಆಗ ಬಾಯಿಗೆ ಬರುತ್ತದೆ. ಕಾಲೇಜೆಂದರೆ ಬರೀ ಪದವಿಯಲ್ಲ, ಇಂಥ ಬದಲಾವಣೆಗಾಗಿಯೂ ಅದು ಇರುವುದು. ವಾದ ಮಾಡಿ, ಒಪ್ಪಬೇಕೆಂದಿಲ್ಲ. ಎದುರು ಮಾತಾಡಿದ ಮಗು ಕನಿಷ್ಠ ಮನಸ್ಸಿನಲ್ಲಿರುವುದನ್ನು ಮನೆಯಲ್ಲೇ ಬಿಚ್ಚಿಟ್ಟಿದೆ.

ಮೊದಲ ಸೆಮಿಸ್ಟರಿನ ಫಲಿತಾಂಶ ಅದಾದ ಕೆಲವು ತಿಂಗಳಿಗೆ ಬರುತ್ತದೆ. ಪಿಯುಸಿಯಲ್ಲಿ ತೊಂಬತ್ತೈದರ ಮೇಲೆ ತೆಗೆದವರು ಕೂಡ ಅಲ್ಲಿ ಒಂದೆರಡು ವಿಷಯ ಉಳಿಸಿಕೊಳ್ಳುವುದು ಹೊಸದಲ್ಲ. ಫೇಲಾದರೂ ಈ ಮನೆಗೆ ಫೋನ್ ಮಾಡಬಹುದು, ಕೋರ್ಸು ಆಗುವುದಿಲ್ಲವೆನಿಸಿದರೆ ಬಿಟ್ಟೂ ಬರಬಹುದು ಎಂಬುದನ್ನು ಅಷ್ಟರೊಳಗೆ ಮಗು ಕೇಳಿರಬೇಕು. ಫೇಲಾದ ಮೇಲೆ ಹೇಳಿದರೆ ಅದು ಬರೀ ಸಮಾಧಾನವೆಂದು ಮಕ್ಕಳಿಗೆ ತಿಳಿಯುತ್ತದೆ. ಹೇಳಬೇಕಾದ ಹೊತ್ತು ಸೀಟು ಹಂಚಿಕೆಯಾದ ವಾರ, ಮನೆಯೆಲ್ಲ ಸಂಭ್ರಮದಲ್ಲಿದ್ದು ಸೋಲಿನ ಮಾತೆತ್ತುವುದು ಅಪಶಕುನವೆನಿಸುವಾಗಲೇ. ಹದಿನಾರಕ್ಕೆ ವಸತಿ ಕಾಲೇಜಿಗೆ ಕಳಿಸುವವರು ಅದನ್ನು ಆ ಗೇಟಿನ ಹೊರಗೇ ಹೇಳಲಿ. ಅಲ್ಲಿಂದಾಚೆಗೆ ಎರಡು ವರ್ಷ ಆ ಮಾತನ್ನು ನೆಮ್ಮದಿಯಾಗಿ ಕೂತು ಆಡಲು ಅವರಿಗೆ ಸಮಯ ಸಿಗುವುದಿಲ್ಲ.